ಬೆಟ್ಟ ಹತ್ತುತ್ತಿರುವ ಲೋಡು: ಓದುಗರ ಪ್ರಶ್ನೆ, ನಿವೃತ್ತ ಶಾಖಾಧಿಕಾರಿಯ ಉತ್ತರ

ಊರು ಬೆಳೆದಾಗ ಕರೆಂಟಿನ ಖರ್ಚು ಹೇಗೆ ಏರುತ್ತದೆ, ಅದರಿಂದ ಕಾಡು, ಗದ್ದೆ, ಹೊಳೆಗೆ ಏನಾಗುತ್ತದೆ ಎಂಬ ವಿಷಯಕ್ಕೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ. ನಾನು ವಿದ್ಯುತ್ ಇಲಾಖೆಯಲ್ಲಿ 31 ವರ್ಷ ದುಡಿದವನು, ಅದರಲ್ಲಿ 26 ವರ್ಷ ಕೊಡಗಿನಲ್ಲೇ. ಈಗ ಭಾಗಮಂಡಲದ ದಾರಿಯಲ್ಲಿ ಮೂರು ಎಕರೆ ಕಾಫಿ ತೋಟ ನೋಡಿಕೊಂಡಿದ್ದೇನೆ. ನಾನು ಹೇಳುವುದರಲ್ಲಿ ಹೆಚ್ಚಿನದು ಕಂಬದ ಬುಡದಲ್ಲಿ ನಿಂತು ಕಂಡದ್ದು.

ಪ್ರಶ್ನೆ: ಸರ್, 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ಪಟ್ಟಣದಲ್ಲಿರುವವರು ನೂರಕ್ಕೆ 15 ಮಂದಿಯೂ ಇಲ್ಲ. ಹಾಗಿದ್ದ ಮೇಲೆ ನಗರ ಬೆಳವಣಿಗೆಯ ಮಾತು ನಮಗೇಕೆ?
— ಪದವಿ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. ಆದರೆ ಜನಗಣತಿಯವರು ಬರೆದುಕೊಳ್ಳುವುದು ಮನೆಯವರ ಹೆಸರು. ಶುಕ್ರವಾರ ರಾತ್ರಿ ಕಾರು ಹತ್ತಿ ಬಂದು ಭಾನುವಾರ ಸಂಜೆ ಇಳಿದು ಹೋಗುವವರ ಹೆಸರು ಆ ಪುಸ್ತಕದಲ್ಲಿ ಇರುವುದಿಲ್ಲ. ಅವರ ಲೆಕ್ಕ ಸಿಗುವುದು ಟಿ.ಸಿ.ಯಲ್ಲಿ, ಅಂದರೆ ನಿಮ್ಮ ರಸ್ತೆಯ ತಿರುವಿನಲ್ಲಿ ಎರಡು ಕಂಬದ ನಡುವೆ ಗುಂಯ್ ಎನ್ನುತ್ತಾ ಕೂತಿರುವ ಟ್ರಾನ್ಸ್‌ಫಾರ್ಮರಿನಲ್ಲಿ.

ಒಂದು ಟಿ.ಸಿ.ಯ ಕಥೆಯನ್ನೇ ಹೇಳುತ್ತೇನೆ. ಮಡಿಕೇರಿಯಿಂದ ಏಳೆಂಟು ಕಿಲೋಮೀಟರ್ ಆಚೆಗೆ ಒಂದು ಗುಡ್ಡದ ಊರು. ನಾನು ಮೊದಲು ಅಲ್ಲಿಗೆ ಹೋದಾಗ 28 ಮನೆಗೆ 25 ಕೆ.ವಿ.ಎ.ಯ ಟಿ.ಸಿ. ಇತ್ತು (ಕೆ.ವಿ.ಎ. ಎಂದರೆ ಟಿ.ಸಿ. ಹೊರಬಲ್ಲ ಭಾರದ ಅಳತೆ). ಮನೆಗೆ ನಾಲ್ಕು ಬಲ್ಬು, ಒಂದು ರೇಡಿಯೋ, ಅಲ್ಲೊಂದು ಇಲ್ಲೊಂದು ಮಿಕ್ಸಿ. ಸಂಜೆ ಏಳಕ್ಕೂ ಅದರ ಮೇಲೆ ಭಾರ ಇರಲಿಲ್ಲ, ಕೈಯಿಟ್ಟರೆ ತೊಟ್ಟಿಯ ಮೈ ಬೆಚ್ಚಗೂ ಆಗಿರುತ್ತಿರಲಿಲ್ಲ. ಮುಂದೆ ಅದು 63 ಆಯಿತು, ಆಮೇಲೆ 100, ನಾನು ನಿವೃತ್ತನಾಗುವ ಹೊತ್ತಿಗೆ 250. ಮನೆಗಳು 28ರಿಂದ 41ಕ್ಕೆ ಏರಿದ್ದವು. ಜನ ಒಂದೂವರೆ ಪಟ್ಟು, ಟಿ.ಸಿ. ಹತ್ತು ಪಟ್ಟು.

ಕಾರಣ ಹುಡುಕಲು ಹೆಚ್ಚು ಅಲೆಯಬೇಕಿರಲಿಲ್ಲ. ಹದಿನಾಲ್ಕು ಮನೆ ಹೋಂಸ್ಟೇ ಆಗಿದ್ದವು, ಒಂದೊಂದರಲ್ಲಿ ನಾಲ್ಕೈದು ಕೋಣೆ, ಕೋಣೆಗೊಂದು ಗೀಸರ್. ಒಂದು ಗೀಸರ್ 2,000 ವ್ಯಾಟ್ ಎಳೆಯುತ್ತದೆ. ಹಳೆಯ 25 ಕೆ.ವಿ.ಎ. ಟಿ.ಸಿ.ಯನ್ನು ತುಂಬಿಸಲು ಹನ್ನೆರಡು ಗೀಸರ್ ಒಟ್ಟಿಗೆ ಹಾಕಿದರೆ ಸಾಕು. ಭಾನುವಾರ ಬೆಳಿಗ್ಗೆ ಏಳೂವರೆಗೆ ಅಲ್ಲಿ ನಲವತ್ತು ಗೀಸರ್ ಒಟ್ಟಿಗೆ ಉರಿಯುತ್ತಿದ್ದವು. ಫ್ಯೂಸ್ ಹೋಯಿತೆಂಬ ಫೋನು ಬರುತ್ತಿದ್ದದ್ದೂ ಅದೇ ಹೊತ್ತಿಗೆ. ಅದೇ ಮನೆಗಳ ಬಚ್ಚಲಿನಲ್ಲಿ ಹಿಂದೆ ತಾಮ್ರದ ಹಂಡೆ ಇತ್ತು, ಕಪಾತು ಮಾಡಿದ ಕಾಫಿ ಕಡ್ಡಿಯೇ ಸೌದೆ. ಆ ಕಡ್ಡಿ ಈಗ ತೋಟದಲ್ಲಿ ಹಾಗೇ ಬಿದ್ದಿರುತ್ತದೆ. ನೀರು ಕಾಯಿಸಲು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕಲ್ಲಿದ್ದಲು ಉರಿಯುತ್ತದೆ.

ಲೋಡು ಹೆಚ್ಚಿದರೆ ತಂತಿ ದಪ್ಪ ಮಾಡಬೇಕು, ಹೊಸ ಕಂಬ ನೆಡಬೇಕು, ತಂತಿಯ ಕೆಳಗಿನ ಮರ ಕಡಿಯಬೇಕು. ಕಂಬ ಹೋದಲ್ಲಿಗೆ ರಸ್ತೆ ಹೋಗುತ್ತದೆ. ರಸ್ತೆ ಹೋದ ಮೇಲೆ ಗುಡ್ಡದ ತುದಿಯ ಜಾಗವೂ ಸೈಟು. ಅಷ್ಟೆತ್ತರಕ್ಕೆ ನೀರೇರಿಸಲು ಮತ್ತೊಂದು ಮೋಟಾರು. ಜಗತ್ತಿನ ಒಟ್ಟು ಇಂಧನದಲ್ಲಿ ಸುಮಾರು ಮೂರನೇ ಎರಡು ಪಾಲು ನಗರಗಳಿಗೆ ಹೋಗುತ್ತದೆ ಎನ್ನುತ್ತಾರೆ. ನಗರದವರು ಬೆಟ್ಟಕ್ಕೆ ಬಂದು ಮಲಗಿದಾಗ ಆ ಪಾಲೂ ಅವರ ಹಿಂದೆಯೇ ಹತ್ತಿ ಬರುತ್ತದೆ.

ಹೋಂಸ್ಟೇ ನಡೆಸುವವರನ್ನು ನಾನು ದೂರುತ್ತಿಲ್ಲ. ಕಾಫಿಗೆ ಬೆಲೆಯೇ ಇಲ್ಲದ ವರ್ಷಗಳಲ್ಲಿ ಎಷ್ಟೋ ಮನೆಯ ಮಕ್ಕಳ ಫೀಸು ಕಟ್ಟಿದ್ದು ಆ ಕೋಣೆಗಳೇ. ನಾನು ಕೇಳುವುದು ಒಂದೇ ಮಾತು. ಹಿತ್ತಿಲಿನಲ್ಲಿ ಸೌದೆಯ ಬಾಯ್ಲರ್ ಒಂದನ್ನು ಇಟ್ಟು ಎಲ್ಲ ಕೋಣೆಗೂ ಪೈಪ್ ಎಳೆಯಿರಿ, ಬಿಸಿಲು ಬೀಳುವ ಮಾಡು ಇದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿ. ಆ ಊರಿನಲ್ಲಿ ಮೂರು ಮನೆಯವರು ಹಾಗೆ ಮಾಡಿದ ವರ್ಷ ಭಾನುವಾರದ ಫೋನು ನಿಂತಿತ್ತು.

ಪ್ರಶ್ನೆ: ಅಣ್ಣಾ, ಎರಡು ವರ್ಷದ ಹಿಂದೆ ಆರ್‌ಸಿಸಿ ಮನೆ ಕಟ್ಟಿಸಿದೆವು. ಈ ಏಪ್ರಿಲ್‌ನಲ್ಲಿ ಸೆಕೆ ತಡೆಯಲಾರದೆ ಎ.ಸಿ. ಹಾಕಿಸಿದೆವು. ಅತ್ತೆಯ ಹಂಚಿನ ಮನೆಯಲ್ಲಿ ಫ್ಯಾನು ಕೂಡ ಇರಲಿಲ್ಲ. ಊರೇ ಬಿಸಿಯಾಗಿದೆಯೋ, ಮನೆಯದ್ದೇ ತಪ್ಪೋ?
— ಗೃಹಿಣಿ, ಕುಶಾಲನಗರ

ಉತ್ತರ: ಎರಡೂ ಹೌದು ತಂಗಿ. ಇವತ್ತು ರಾತ್ರಿ ಹತ್ತು ಗಂಟೆಗೆ ಒಂದು ಕುರ್ಚಿ ಹತ್ತಿ ಮಲಗುವ ಕೋಣೆಯ ಸೂರಿಗೆ ಅಂಗೈ ಇಟ್ಟು ನೋಡಿ. ಹೊರಗೆ ತಣ್ಣಗಾಗಿದ್ದರೂ ಸೂರು ಬೆಚ್ಚಗಿರುತ್ತದೆ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ನಿಮ್ಮ ಮೇಲೆ ಬಿಡುತ್ತದೆ. ಹಂಚಿನ ಮಾಡು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮೇಲೇರಿದ ಬಿಸಿಗಾಳಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಕೆಳಗೆ ಒಂದೂವರೆ ಅಡಿಯ ಮಣ್ಣಿನ ಗೋಡೆ. ಕೊಡವ ಕುಟುಂಬಗಳ ಹಳೆಯ ಐನ್‌ಮನೆಗಳಲ್ಲಿ ಮಧ್ಯಾಹ್ನ ಎರಡಕ್ಕೆ ಹೊಸ್ತಿಲು ದಾಟಿದರೆ ಮೈಗೆ ತಂಪು ತಾಗುವುದು ಇದರಿಂದಲೇ.

ಇನ್ನು ಊರಿನ ಬಿಸಿ. ಕುಶಾಲನಗರ ಮಡಿಕೇರಿಗಿಂತ ತಗ್ಗಿನಲ್ಲಿದೆ, ಮಳೆಯೂ ಕಡಿಮೆ. ಅದರ ಮೇಲೆ ಗದ್ದೆ, ಹೊಂಗೆ ಮರ, ಕೆರೆ ಏರಿ ಇದ್ದ ಕಡೆ ಡಾಂಬರು, ಇಂಟರ್‌ಲಾಕ್, ಸಿಮೆಂಟು ಬಂತು. ಮರದ ಎಲೆ ನೀರನ್ನು ಆವಿ ಮಾಡುತ್ತಾ ಸುತ್ತಲ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆ ಕೆಲಸ ಮಾಡುವವರು ಈಗ ಇಲ್ಲ. ಎ.ಸಿ. ಕೋಣೆಯ ಬಿಸಿಯನ್ನು ಹೊರಗೆ ಎಸೆಯುತ್ತದೆ, ತಾನು ತಿಂದ ಕರೆಂಟನ್ನೂ ಬಿಸಿ ಮಾಡಿ ಅದರ ಜೊತೆಗೇ ಎಸೆಯುತ್ತದೆ. ನಿಮ್ಮ ಎ.ಸಿ.ಯ ಹೊರಗಿನ ಡಬ್ಬ ಪಕ್ಕದ ಮನೆಯ ಕಿಟಕಿಗೆ ಮುಖ ಮಾಡಿದ್ದರೆ ಮುಂದಿನ ಏಪ್ರಿಲ್‌ಗೆ ಅವರೂ ಒಂದು ಕೊಳ್ಳುತ್ತಾರೆ.

ಖರ್ಚನ್ನೂ ನೋಡಿ. ಒಂದೂವರೆ ಟನ್ನಿನ ಎ.ಸಿ. ಬಿಡದೆ ಓಡಿದರೆ ಗಂಟೆಗೆ ಸುಮಾರು ಒಂದೂವರೆ ಯೂನಿಟ್. ರಾತ್ರಿ ಆರು ಗಂಟೆ ಹಾಕಿ, ಕಂಪ್ರೆಸರ್ ಅರ್ಧ ಹೊತ್ತು ನಿಂತಿತೆಂದೇ ಇಟ್ಟುಕೊಂಡರೂ ತಿಂಗಳಿಗೆ 135 ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ಉಚಿತ ಸಿಗುವುದು ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ನೂರಕ್ಕೆ ಹತ್ತು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಹಾಗಾಗಿ ಮೊದಲು ಮಾಡನ್ನು ನೋಡಿಕೊಳ್ಳಿ. ಮಳೆಗೆಂದು ಆರ್‌ಸಿಸಿಯ ಮೇಲೆ ಶೀಟು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಹಾಕಿಸುವುದಾದರೆ ನಾಲ್ಕು ಬದಿ ಮುಚ್ಚಬೇಡಿ, ಗಾಳಿ ಆಡಲು ಬಿಡಿ, ಬಿಸಿಲು ಸೂರಿಗೆ ತಾಗುವುದೇ ಇಲ್ಲ. ಶೀಟು ಬೇಡವೆಂದರೆ ಫೆಬ್ರವರಿಯಲ್ಲಿ ಎರಡು ಕೋಟು ಸುಣ್ಣ ಬಳಿಸಿ, ಮಳೆಗೆ ತೊಳೆದು ಹೋದರೆ ಮುಂದಿನ ವರ್ಷ ಮತ್ತೆ ಬಳಿಯಿರಿ. ಪಡುವಣ ಗೋಡೆಗೆ ಒಂದು ಬಸಳೆ ಚಪ್ಪರ ಹಾಕಿ, ಅದರಾಚೆ ನುಗ್ಗೆ ನೆಡಿ. ಎ.ಸಿ.ಯನ್ನು 26ರಲ್ಲಿಟ್ಟು ಫ್ಯಾನು ಹಾಕಿಕೊಳ್ಳಿ.

ಪ್ರಶ್ನೆ: ನಮಸ್ಕಾರ ಸರ್. ನಾನು ನಾಪೋಕ್ಲು ಕಡೆಯವನು, ಬೆಂಗಳೂರಿನಲ್ಲಿ ಒಂಬತ್ತನೇ ಮಹಡಿಯಲ್ಲಿದ್ದೇನೆ. ಎ.ಸಿ. ಇಲ್ಲ, ಲಿಫ್ಟು ಬಿಟ್ಟರೆ ದೊಡ್ಡ ಖರ್ಚಿಲ್ಲ. ಹೆಚ್ಚು ಜನ ಒಂದೇ ಕಟ್ಟಡದಲ್ಲಿದ್ದರೆ ಜಾಗ ಉಳಿಯುತ್ತದಲ್ಲವೇ? ಊರಿಗೆ ಬಂದಾಗಲೆಲ್ಲ ನಗರದವರಿಂದ ಕಾವೇರಿ ಹಾಳಾಯಿತು ಎನ್ನುತ್ತಾರೆ, ಬೇಸರವಾಗುತ್ತದೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಒಂದು ಕಟ್ಟಡದಲ್ಲಿ ಹೆಚ್ಚು ಜನ ಇದ್ದರೆ ಜಾಗ ಉಳಿಯುತ್ತದೆ ಎಂಬುದೂ ನಿಜ, ಬಸ್ಸು, ಮೆಟ್ರೋದಲ್ಲಿ ಓಡಾಡುವುದಾದರೆ ಇಂಧನವೂ ಉಳಿಯುತ್ತದೆ. ಆದರೆ ನಿಮ್ಮ ಮೀಟರಿನಲ್ಲಿ ಬೀಳದ ಒಂದು ಕರೆಂಟು ಇದೆ. ಅದು ನಲ್ಲಿಯಲ್ಲಿ ಬರುತ್ತದೆ.

ತಲಕಾವೇರಿ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920. ಮೇಲಿನಿಂದ ಕೆಳಕ್ಕೆ ಬರುವ ನೀರು ತಾನಾಗಿ ಬಂದೀತು ಅನಿಸುತ್ತದೆ. ಆದರೆ ಹೊಳೆ ಬೆಂಗಳೂರಿನ ದಾರಿ ಹಿಡಿಯದೆ ದಕ್ಷಿಣಕ್ಕೆ ತಗ್ಗು ಹುಡುಕಿಕೊಂಡು ಇಳಿದುಬಿಡುತ್ತದೆ. ತೊರೆಕಾಡನಹಳ್ಳಿಯಲ್ಲಿ ಅದನ್ನು ಹಿಡಿದು, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಪಂಪು ಮಾಡಿ, ಸುಮಾರು 500 ಮೀಟರ್ ಮೇಲಕ್ಕೆತ್ತಿ, 100 ಕಿಲೋಮೀಟರ್ ದೂರ ತಳ್ಳಬೇಕು.

ಸಾವಿರ ಲೀಟರ್ ಎಂದರೆ ಒಂದು ಟನ್ ಭಾರ. ಅದನ್ನು 500 ಮೀಟರ್ ಎತ್ತಲು ಯಾವ ನಷ್ಟವೂ ಇಲ್ಲವೆಂದರೂ 1.36 ಯೂನಿಟ್ ಬೇಕು. ಪಂಪು, ಮೋಟಾರು, ಪೈಪಿನ ಉಜ್ಜುವಿಕೆ ಸೇರಿದರೆ ಎರಡರ ಹತ್ತಿರ. ನಗರದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್, ನಾಲ್ವರ ಮನೆಗೆ 540. ಅಂದರೆ ನೀರು ನಿಮ್ಮ ತೊಟ್ಟಿಗೆ ತಲುಪುವ ಮುಂಚೆಯೇ ನಿಮ್ಮ ಮನೆಯ ಹೆಸರಿನಲ್ಲಿ ದಿನಕ್ಕೊಂದು ಯೂನಿಟ್ ಖರ್ಚಾಗಿರುತ್ತದೆ. 2024ರ ಅಕ್ಟೋಬರಿನಲ್ಲಿ ಶುರುವಾದ ಕಾವೇರಿ ನೀರಿನ ಯೋಜನೆಯ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದು ಪೂರ್ತಿ ಓಡಿದರೆ, ಅದೊಂದಕ್ಕೇ ದಿನಕ್ಕೆ 10 ಲಕ್ಷ ಯೂನಿಟ್ ಮೀರುತ್ತದೆ.

ಹೀಗಾಗಿದ್ದು ಹೇಗೆಂದರೆ, ಹತ್ತಿರದ ನೀರನ್ನು ನಗರ ಕಳೆದುಕೊಂಡಿತು. 1896ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಪಕ್ಕದ ಹೆಸರಘಟ್ಟದಿಂದ. ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಜೊತೆಗಾರರು ಉಪಗ್ರಹದ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ: ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಕಟ್ಟಡ ಪ್ರದೇಶ ಶೇ. 584 ಹೆಚ್ಚಿತು, ಹಸಿರು ಶೇ. 66, ಕೆರೆಕುಂಟೆಗಳ ಪ್ರದೇಶ ಶೇ. 74 ಇಳಿಯಿತು. ಕಾಲಬುಡದಲ್ಲಿದ್ದ ಕೆರೆಯನ್ನು ಮುಚ್ಚಿ ನೂರು ಕಿಲೋಮೀಟರ್ ಆಚೆಯ ಹೊಳೆಯನ್ನು ಕರೆಂಟಿನಿಂದ ಎಳೆಯುವ ಹಾಗಾಯಿತು.

ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಹತ್ತಿದ್ದೂ ಕಾವೇರಿಯಿಂದಲೇ, ಶಿವನಸಮುದ್ರದಲ್ಲಿ ಬಿದ್ದ ನೀರಿನಿಂದ. ಅಲ್ಲಿನ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೊರಟಿತು, ಮೂರು ವರ್ಷ ಕಳೆದು ನಗರಕ್ಕೆ ಬಂತು. ಅಂದು ಹೊಳೆ ನಗರಕ್ಕೆ ಕರೆಂಟು ಕೊಟ್ಟಿತು. ಇಂದು ನಗರ ಕರೆಂಟು ಕೊಟ್ಟು ಹೊಳೆಯನ್ನು ಎತ್ತಿಕೊಳ್ಳುತ್ತಿದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀವು ಮಾಡಬಹುದಾದ್ದು ಇದೆ. ಬಿಸಿನೀರನ್ನು ಹಿಡಿತದಲ್ಲಿಡಿ. ಒಂದು ಬಕೆಟ್ ಬಿಸಿನೀರಿಗೆ ಸುಮಾರು ಅರ್ಧ ಯೂನಿಟ್ ಬೇಕು, ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್ ಹೋಗುತ್ತದೆ. ನಿಮ್ಮ ಕಟ್ಟಡದ ಸಂಘದಲ್ಲಿ ಮಳೆನೀರಿನ ತೊಟ್ಟಿಯ ಮಾತೆತ್ತಿ. ರಜೆಗೆ ನಾಪೋಕ್ಲಿಗೆ ಬಂದಾಗ ನಿಮ್ಮ ಊರಿನ ದೇವರಕಾಡಿನ ಅಂಚಿಗೆ ಹೋಗಿ ಬನ್ನಿ. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ, ಎಲ್ಲ ಸೇರಿ ಸುಮಾರು 2,550 ಹೆಕ್ಟೇರ್. ನಮ್ಮ ಮನೆಯ ಕೆಳಗಿನ ತೋಡು ಮಾರ್ಚಿಯವರೆಗೂ ಹರಿಯುವುದು ಅಂಥದೊಂದು ಹತ್ತು ಎಕರೆ ಕಾಡಿನಿಂದ. ಜುಲೈ ಮಳೆಯನ್ನು ಎಂಟು ತಿಂಗಳು ಹಿಡಿದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಬಿಡಲು ಅದಕ್ಕೆ ಒಂದು ಯೂನಿಟ್ಟೂ ಬೇಡ.

ಪ್ರಶ್ನೆ: ಇಷ್ಟು ಮಳೆ ಬೀಳುವ ಕೊಡಗಿನಲ್ಲಿ ಮಾಡಿನ ಮೇಲೆ ಸೋಲಾರ್ ಹಾಕಿಸುವುದು ಲಾಭವೇ?
— ನಿವೃತ್ತ ಸೈನಿಕರು, ಗೋಣಿಕೊಪ್ಪ

ಉತ್ತರ: ಗೋಣಿಕೊಪ್ಪದಲ್ಲಿ ಹಾಕಿಸಿ ಸರ್. ಬಿಸಿಲಿನ ತಿಂಗಳಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಬಂದೀತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹಳ ಇಳಿಯುತ್ತದೆ. 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಒಂದು ವಿಷಯವನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ, ಅಂದರೆ ಇಲಾಖೆಯ ಲೈನಿಗೆ ಸೇರಿಸಿದ ಸೋಲಾರ್, ಆ ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ನಿಮ್ಮ ಮಾಡಿನ ಕರೆಂಟು ತಂತಿಗೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ, ಅದಕ್ಕಾಗಿಯೇ ಈ ಏರ್ಪಾಡು. ಗಾಳಿಮಳೆಗೆ ಮೂರು ದಿನ ಕರೆಂಟಿಲ್ಲದಾಗ ದೀಪ ಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಕೇಳಿ ಪಡೆಯಿರಿ. ಪ್ಯಾನೆಲ್‌ಗೆ ನೆರಳಾಗುತ್ತದೆಂದು ಹಲಸಿನ ಮರ ಕಡಿಯಬೇಡಿ, ಪ್ಯಾನೆಲ್‌ನ ಜಾಗ ಬದಲಿಸಿ.

ಪ್ರಶ್ನೆ: ಮೈಸೂರು–ಕಲ್ಲಿಕೋಟೆ 400 ಕೆ.ವಿ. ಲೈನಿಗೆ ನಮ್ಮ ಕಡೆ ಎಷ್ಟೊಂದು ಮರ ಹೋದವು. ದೂರದ ಪಟ್ಟಣಕ್ಕೆ ಕರೆಂಟು ಬೇಕಾದರೆ ನಮ್ಮ ತೋಟದ ಮರ ಏಕೆ ಬೀಳಬೇಕು?
— ಕಾಫಿ ಬೆಳೆಗಾರರು, ಪೊನ್ನಂಪೇಟೆ

ಉತ್ತರ: ಆ ದಿನಗಳ ಪ್ರತಿಭಟನೆ, ಕೋರ್ಟಿನ ಓಡಾಟ ಎಲ್ಲ ನೆನಪಿದೆ. ಮೊದಲು ಲೆಕ್ಕ ಹೇಳುತ್ತೇನೆ. 400 ಕೆ.ವಿ. ಮಾರ್ಗಕ್ಕೆ ಸಾಮಾನ್ಯವಾಗಿ 46 ಮೀಟರ್ ಅಗಲದ ಪಟ್ಟಿ ಬೇಕು. ಒಂದು ಕಿಲೋಮೀಟರ್ ಹೋದರೆ ಹನ್ನೊಂದು ಎಕರೆ ದಾಟುತ್ತದೆ. ಬಯಲುಸೀಮೆಯ ರಾಗಿ ಹೊಲದ ಮೇಲೆ ಹೋದರೆ ಕೆಳಗೆ ರಾಗಿ ಬೆಳೆಯುತ್ತಲೇ ಇರುತ್ತದೆ. ನಮ್ಮಲ್ಲಿ ಕಾಫಿಯ ಮೇಲೆ ನಂದಿ, ಮತ್ತಿ, ಹೊನ್ನೆ, ಬೀಟೆ, ಅತ್ತಿ ನಿಂತಿರುತ್ತವೆ. ಅವೇ ಹೋದರೆ ತೋಟದ ಮಾಡೇ ಹೋದ ಹಾಗೆ. ನೆರಳು ಹೋದ ಪಟ್ಟಿಯಲ್ಲಿ ಮಣ್ಣು ಒಣಗುತ್ತದೆ, ಕಳೆ ಏರುತ್ತದೆ, ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಹೆಚ್ಚು ಹೊತ್ತು ಓಡುತ್ತದೆ, ಮತ್ತೆ ಕರೆಂಟು.

ನಾನೂ ಮರ ಕಡಿಸಿದವನೇ. 400 ಕೆ.ವಿ.ಗಲ್ಲ, ಊರೂರಿನ ಟಿ.ಸಿ.ಗೆ ಕರೆಂಟು ಒಯ್ಯುವ ನಮ್ಮ 11 ಕೆ.ವಿ. ಫೀಡರ್ ಲೈನಿಗೆ. ಸಿದ್ದಾಪುರದ ಕಡೆ ಒಂದು ತೋಟದಲ್ಲಿ ದೊಡ್ಡ ಗೋಣಿ ಮರವಿತ್ತು. ಅದರ ಕೊಂಬೆ ಪ್ರತಿ ಮಳೆಗಾಲ ತಂತಿಗೆ ತಾಗಿ ಫೀಡರ್ ಟ್ರಿಪ್ ಆಗಿ ಕರೆಂಟು ಹೋಗುತ್ತಿತ್ತು. ಲೈನ್ ಕ್ಲಿಯರ್ ತೆಗೆದುಕೊಂಡು, ಅಂದರೆ ಕರೆಂಟು ನಿಲ್ಲಿಸಿಕೊಂಡು, ಹುಡುಗರನ್ನು ಹತ್ತಿಸಿದೆ. ಮೂರು ದೊಡ್ಡ ಕೊಂಬೆ ಬಿದ್ದ ಮೇಲೆ ತೋಟದ ಲೆಕ್ಕ ನೋಡುವ ರೈಟರ್ ಬಂದು, ‘ಸಾರ್, ಇದಕ್ಕೇ ಹೆಜ್ಜೇನು ಬರೋದು’ ಎಂದರು. ಕೊಂಬೆಯ ಕೆಳಮೈಯಲ್ಲಿ ಹಳೆಯ ಗೂಡುಗಳ ಮೇಣದ ಗುರುತು ಅರ್ಧಚಂದ್ರದ ಹಾಗೆ ಸಾಲಾಗಿ ಇತ್ತು, ಎಣಿಸಿದೆ, ಹದಿನೇಳು. ಹೆಜ್ಜೇನು ಊರೂರು ಅಲೆದು ಮತ್ತೆ ಅದೇ ಮರಕ್ಕೆ ಬರುವ ಜೀವ. ಮರುವರ್ಷ ಹೂಮಳೆಯ ಹೊತ್ತಿಗೆ ಹೋಗಿ ನೋಡಿದೆ, ಒಂದು ಗೂಡೂ ಇರಲಿಲ್ಲ. ರೊಬಸ್ಟಾ ಕಾಫಿಯ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯ ಜೊತೆ ಜೇನೂ ಅದನ್ನು ಹೊರುತ್ತದೆ. ಆ ತೋಟದವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಅದು ಇವತ್ತಿಗೂ ಮನಸ್ಸಿನಲ್ಲಿದೆ.

ದೂರದ ಪಟ್ಟಣದ ಆಸ್ಪತ್ರೆಗೂ ದೀಪ ಬೇಕು, ಆದ್ದರಿಂದ ಲೈನೇ ಬೇಡ ಎಂದು ನಾನು ಹೇಳಲಾರೆ. ಆದರೆ ಮರ ಉಳಿಸುವ ದಾರಿಗಳಿವೆ, ಅವಕ್ಕೆ ದುಡ್ಡು ಹೆಚ್ಚು ಬೇಕು ಅಷ್ಟೆ. ಮರದ ತಲೆ ಮೀರುವ ಎತ್ತರದ ಟವರ್ ಕೇಳಿ. ತೋಟದೊಳಗಿನ ಸಣ್ಣ ಲೈನುಗಳಿಗೆ ಬರಿ ತಂತಿಯ ಬದಲು ಹೊದಿಕೆಯ ಎ.ಬಿ. ಕೇಬಲ್ ಕೇಳಿ, ಕೊಂಬೆ ತಾಗಿದರೂ ಟ್ರಿಪ್ ಆಗುವುದಿಲ್ಲ. ರಸ್ತೆ ಬದಿಯಲ್ಲಿ ಹೋಗಬಹುದಾದ ಫೀಡರನ್ನು ತೋಟದ ನಡುವೆ ಎಳೆಯುವ ನಕ್ಷೆ ಬಂದರೆ ಸರ್ವೆಯ ದಿನವೇ ಎದ್ದು ನಿಂತು ಹೇಳಿ. ಗರಗಸ ಬಂದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ಒಂದೂವರೆ ಎಕರೆ ಗದ್ದೆ ಆರು ವರ್ಷದಿಂದ ಪಾಳು. ಆಳಿಲ್ಲ, ಆನೆ ಬೇರೆ. ಲೇಔಟಿನವರು ಒಳ್ಳೆಯ ಬೆಲೆ ಹೇಳುತ್ತಿದ್ದಾರೆ. ಮಕ್ಕಳು ಮಾರೋಣ ಎನ್ನುತ್ತಾರೆ. ಗದ್ದೆಗೂ ಕರೆಂಟಿಗೂ ಸಂಬಂಧವಿದೆ ಎಂದು ನೀವು ಒಮ್ಮೆ ಬರೆದಿದ್ದಿರಿ, ಬಿಡಿಸಿ ಹೇಳಿ.
— ರೈತರು, ಸುಂಟಿಕೊಪ್ಪ

ಉತ್ತರ: ಭತ್ತದಿಂದ ಲಾಭವಿಲ್ಲ ಎಂಬುದನ್ನು ನಾನು ಅಲ್ಲಗಳೆಯಲಾರೆ. ನಾಟಿಗೆ ಆಳು ಹುಡುಕಿ ನಾನೂ ಬಳಲಿದ್ದೇನೆ. ಆದರೆ ನಿಮ್ಮ ಗದ್ದೆ ಭತ್ತ ಬೆಳೆಯದಿದ್ದರೂ ಇನ್ನೊಂದು ಕೆಲಸ ಮಾಡುತ್ತಿದೆ. ಬದು ಗಟ್ಟಿಯಿದ್ದು ಹತ್ತು ಸೆಂಟಿಮೀಟರ್ ನೀರು ನಿಂತರೆ ಒಂದು ಎಕರೆಯಲ್ಲಿ 4 ಲಕ್ಷ ಲೀಟರ್, ನಿಮ್ಮದರಲ್ಲಿ 6 ಲಕ್ಷ. ಅದು ಇಂಗುತ್ತದೆ, ಮತ್ತೆ ಮಳೆ ತುಂಬಿಸುತ್ತದೆ, ಮಳೆಗಾಲವಿಡೀ ಹೀಗೆಯೇ. ನಿಮ್ಮ ಮತ್ತು ಕೆಳಗಿನ ಮನೆಗಳ ಬಾವಿಯ ನೀರು ಅದು.

ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡಿದರೆ ಬಾವಿ ಇಳಿಯುತ್ತದೆ, ಬೋರ್‌ವೆಲ್ ಬರುತ್ತದೆ. 20 ಮೀಟರ್ ಬಾವಿಯಿಂದ ಎತ್ತುತ್ತಿದ್ದ ನೀರನ್ನೇ 200 ಮೀಟರ್ ಆಳದಿಂದ ಎತ್ತಲು ಹತ್ತು ಪಟ್ಟು ಕರೆಂಟು. ಒಂದು ಬಡಾವಣೆಯಲ್ಲಿ ಇದನ್ನು ನಾನು ಅರ್ಜಿಗಳಲ್ಲೇ ಓದಿದೆ. ಮೊದಲ ವರ್ಷ 1 ಎಚ್.ಪಿ. ಮೋಟಾರಿಗೆ ಅರ್ಜಿ, ನಾಲ್ಕು ವರ್ಷಕ್ಕೆ 3, ಆಮೇಲೆ 7.5.

ಇನ್ನೊಂದು ಪ್ರಶ್ನೆಯಿದೆ: ಗದ್ದೆ ತುಂಬಿಸಲು ಮಣ್ಣು ಎಲ್ಲಿಂದ ಬರುತ್ತದೆ? ಮೇಲಿನ ಗುಡ್ಡದಿಂದ. ಅಲ್ಲೂ ಜೆಸಿಬಿ ಹತ್ತಿಸಿ ಸೈಟು ಸಮತಟ್ಟು ಮಾಡಿರುತ್ತಾರೆ. 2018ರ ಆಗಸ್ಟ್ ನಡುವಿನ ಆ ಮೂರು ದಿನ ನೀವೂ ಮರೆತಿರಲಾರಿರಿ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಹೊಳೆಯಂತೆ ಹರಿದವು. ನಮ್ಮ ಫೀಡರ್ ಒಂದೊಂದೇ ಕಡಿದು ಹೋಯಿತು. ಮಳೆ ತುಸು ತಗ್ಗಿದ ಮೇಲೆ ನಾವು ನಾಲ್ಕು ಜನ ನಡೆದುಕೊಂಡೇ ಹೋದೆವು, ಉಳಿದ ತಂತಿಯಲ್ಲಿ ಕರೆಂಟು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಒಂದು ಕಡೆ ನಮ್ಮ ಕಂಬ ನೆಟ್ಟ ಹಾಗೇ ನೆಟ್ಟಗೆ ನಿಂತಿತ್ತು, ಕಂಬದ ಮೇಲಿನ ಪಿಂಗಾಣಿ ಕಪ್ಪಿನಲ್ಲಿ ತಂತಿಯ ತುಂಡು ಜೋತಾಡುತ್ತಿತ್ತು. ನಂಬರ್ ಓದಿದಾಗ ಎದೆ ಝಲ್ಲೆಂದಿತು. ಆ ಕಂಬ ಇರಬೇಕಾದದ್ದು ನೂರೈವತ್ತು ಅಡಿ ಮೇಲೆ, ಒಂದು ಮನೆಯ ಅಂಗಳದಲ್ಲಿ. ಅಂಗಳದ ನೆಲವೇ ಕಂಬವನ್ನು ಹೊತ್ತುಕೊಂಡು ಕೆಳಗಿಳಿದಿತ್ತು. ಪುಣ್ಯಕ್ಕೆ ಆ ಮನೆಯವರು ಹಿಂದಿನ ಸಂಜೆಯೇ ಹೊರಟು ಹೋಗಿದ್ದರು.

ಅಷ್ಟು ಮಳೆಗೆ ಕಾಡಿನ ಗುಡ್ಡವೂ ಜಾರಿದೆ, ಎಲ್ಲಕ್ಕೂ ಜೆಸಿಬಿಯೇ ಕಾರಣ ಎನ್ನುವುದು ಸರಿಯಲ್ಲ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿದಾಗ ಇಳಿಜಾರನ್ನು ಕಡಿದು ಅದರ ರೂಪ ಬದಲಿಸಿದ್ದನ್ನು ಮುಖ್ಯ ಕಾರಣಗಳಲ್ಲಿ ಎಣಿಸಿದರು. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಒರಗಲು ಏನೂ ಇರುವುದಿಲ್ಲ. ಗದ್ದೆ ತುಂಬಿಸಿದರೆ ಇಳಿದು ಬಂದ ನೀರಿಗೆ ನಿಲ್ಲಲು ಜಾಗ ಇರುವುದಿಲ್ಲ.

ಹಣದ ಅಗತ್ಯ ನಿಮ್ಮದು, ನಿರ್ಧಾರವೂ ನಿಮ್ಮದೇ. ನನ್ನ ಗದ್ದೆಯಾಗಿದ್ದರೆ ಮಾರುತ್ತಿರಲಿಲ್ಲ. ಮಾರಲೇಬೇಕೆಂದರೆ ರಸ್ತೆ ಪಕ್ಕದ ಎತ್ತರದ ತುಂಡನ್ನು ಮಾತ್ರ ಕೊಡಿ, ತೋಡಿನ ಬದಿಯದನ್ನು ಇಟ್ಟುಕೊಳ್ಳಿ. ಪಾಳು ಬಿಟ್ಟರೂ ಬದು ಒಡೆಯಲು ಬಿಡಬೇಡಿ, ವರ್ಷಕ್ಕೊಮ್ಮೆ ಎರಡು ಆಳು ಇಟ್ಟು ಕಟ್ಟಿಸಿ. ಕೃಷಿ ಭೂಮಿಯನ್ನು ಸೈಟು ಮಾಡಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಯ ಆದೇಶ ಆಗಬೇಕು. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ, ಮುಂಗಡ ಹಿಡಿಯಿರಿ’ ಎಂದರೆ ಆದೇಶದ ಪ್ರತಿ ಕೈಗೆ ಬರುವವರೆಗೆ ಸಹಿ ಹಾಕಬೇಡಿ.

ಪ್ರಶ್ನೆ: ಅಜ್ಜ, ನಾನು ಒಂಬತ್ತನೇ ಕ್ಲಾಸು. ನಾನು ಚಿಕ್ಕವಳಿದ್ದಾಗ ಮನೆ ಎದುರು ತುಂಬಾ ಮಿಂಚುಹುಳ ಬರುತ್ತಿದ್ದವು. ಈಗ ಬರುವುದಿಲ್ಲ. ಹೊಸ ಬೀದಿದೀಪದಿಂದ ಹೀಗಾಯಿತೇ?
— ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಮಗಳೇ, ನಿನ್ನ ಪತ್ರವನ್ನು ನಾನು ಮೂರು ಸಲ ಓದಿದೆ. ಆ ಬೀದಿದೀಪಗಳನ್ನು ಹಾಕಿಸುವ ಕೆಲಸ ನನ್ನ ಕೈಯಿಂದಲೂ ಆಗಿದೆ.

ಮಿಂಚುಹುಳ ಬೆಳಕು ಬಿಡುವುದು ಜೊತೆಗಾರರನ್ನು ಹುಡುಕಲು. ಗಂಡು ಹಾರುತ್ತಾ ಮಿಂಚುತ್ತದೆ, ಹುಲ್ಲಿನಲ್ಲೋ ಪೊದೆಯಲ್ಲೋ ಕೂತ ಹೆಣ್ಣು ಅದಕ್ಕೆ ಮಿಂಚಿಯೇ ಉತ್ತರ ಕೊಡುತ್ತದೆ. ಇಬ್ಬರ ನಡುವೆ ಬಿಳಿ ಎಲ್‌ಇಡಿ ಬೆಳಕು ಸುರಿದರೆ ಉತ್ತರ ಕಾಣುವುದೇ ಇಲ್ಲ. ಕಾಣದಿದ್ದರೆ ಮೊಟ್ಟೆ ಇಲ್ಲ, ಮುಂದಿನ ವರ್ಷಕ್ಕೆ ಹುಳ ಇಲ್ಲ. ಹಿಂದೆ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ 9 ವ್ಯಾಟ್ ಎಲ್‌ಇಡಿ ಕೊಡುತ್ತದೆ. ಉಳಿತಾಯವಾಯಿತೆಂದು ನಾವೆಲ್ಲ ಸಂತೋಷಪಟ್ಟೆವು, ಆ ಸಂತೋಷದಲ್ಲಿ ಒಂದಿದ್ದ ಕಡೆ ಐದು ದೀಪ ಹಾಕಿದೆವು, ಗೇಟಿಗೆ, ಬೇಲಿಗೆ, ತೆಂಗಿನ ಮರಕ್ಕೆ ಕೂಡ.

ದೀಪವೊಂದೇ ಕಾರಣವಲ್ಲ. ಮಿಂಚುಹುಳದ ಮರಿ ಒದ್ದೆ ತರಗೆಲೆಯ ಕೆಳಗೆ ಬೆಳೆಯುತ್ತದೆ, ಪುಟ್ಟ ಬಸವನಹುಳ ತಿನ್ನುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿ, ತರಗೆಲೆ ಗುಡಿಸಿ ಸುಟ್ಟು, ಹುಲ್ಲಿಗೆ ಕಳೆನಾಶಕ ಹೊಡೆದರೆ ಅವು ಇರಲು ಜಾಗವೇ ಇಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ನಾನು ನಮ್ಮ ಗೇಟಿನ ದೀಪ ಮತ್ತು ಕಣದ ದೀಪ ಎರಡನ್ನೂ ಸಂಜೆ ಏಳರಿಂದ ಒಂಬತ್ತರವರೆಗೆ ಆರಿಸಿಟ್ಟೆ. ನನ್ನ ಹೆಂಡತಿಗೆ ಹಾವಿನ ಭಯ, ಹಾಗಾಗಿ ಬಾಗಿಲಿನಲ್ಲಿ ಟಾರ್ಚ್ ಇಟ್ಟೆವು. ಬೇಲಿಯ ಪಕ್ಕದ ತರಗೆಲೆಯನ್ನು ಡಿಸೆಂಬರಿನಿಂದಲೇ ಮುಟ್ಟಿರಲಿಲ್ಲ. ಮೊದಲ ಮಳೆಯಾದ ಐದನೇ ದಿನ ಬೇಲಿಯ ಹತ್ತಿರ ಎರಡು ಕಂಡವು. ಒಂದು ವಾರಕ್ಕೆ ಏಳು. ಜೂನ್ ಮೊದಲ ವಾರದ ಒಂದು ರಾತ್ರಿ ನಾನು ಇಪ್ಪತ್ತಮೂರರವರೆಗೆ ಎಣಿಸಿ, ಆಮೇಲೆ ಯಾವುದು ಎಣಿಸಿದ್ದು ಯಾವುದು ಬಿಟ್ಟಿದ್ದು ಗೊತ್ತಾಗದೆ ಸುಮ್ಮನೆ ನಿಂತೆ.

ನಿನ್ನ ಮನೆಯ ಎದುರಿನ ಕಂಬದ ಮೇಲೆ ಹಳದಿ ಬಣ್ಣದಲ್ಲಿ ಬರೆದ ನಂಬರ್ ಇರುತ್ತದೆ. ಅದನ್ನು ಬರೆದುಕೊಂಡು, ಅಪ್ಪನ ಜೊತೆ ಪುರಸಭೆಗೆ ಹೋಗಿ ಒಂದು ಅರ್ಜಿ ಕೊಡು: ದೀಪಕ್ಕೆ ಮೇಲಿನಿಂದ ಮುಚ್ಚಳ ಹಾಕಿ ಬೆಳಕು ರಸ್ತೆಗೆ ಮಾತ್ರ ಬೀಳುವ ಹಾಗೆ ಮಾಡಿ, ಬಿಳಿಯದರ ಬದಲು ಹಳದಿ ದೀಪ ಹಾಕಿ ಎಂದು. ಅದಾಗುವವರೆಗೆ ನಿಮ್ಮ ಗೇಟಿನ ದೀಪದ ಸ್ವಿಚ್ಚು ನಿನ್ನ ಕೈಯಲ್ಲೇ ಇದೆ. ಮೊದಲ ಮಳೆ ಬಿದ್ದ ದಿನದಿಂದ ಎಣಿಸಲು ಶುರು ಮಾಡು. ದಿನಾಂಕ, ಹೊತ್ತು, ಎಷ್ಟು ಕಂಡವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಜುಲೈ ಮೊದಲ ವಾರ ನನಗೆ ಕಳಿಸು, ಸೊನ್ನೆ ಇದ್ದ ದಿನಗಳನ್ನೂ ಬರೆ.